ರಾಜಸಾರಸ್ಸನ್ನು ಗುಮ್ಮ ಮಾಡಬೇಡಿ

(ಕೊಪ್ಪಳದಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗವಿಮಠದ ಜಾತ್ರೆಗೆ ಹೋದರೆ ಆಟಿಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಡೈನೋಸಾರ್ ಸಿಗುತ್ತದೆ. ಮಕ್ಕಳ ಬ್ಯಾಗು, ಅಂಗಿ, ನೀರಿನ ಬಾಟಲಿ, ಎಲ್ಲದರ ಮೇಲೂ ಅದರ ಚಿತ್ರ. ಇನ್ನೂ ಸರಿಯಾಗಿ ಮಾತು ಬಾರದ ಮಗುವಿಗೂ ಅದರ ಹೆಸರು ಗೊತ್ತು. ಹಾಗಾಗಿ ಮಕ್ಕಳಿಗೆ ಡೈನೋಸಾರ್ ಪರಿಚಯ ಮಾಡಿಸಬೇಕಾ ಬೇಡ್ವಾ ಅಂತ ಯೋಚಿಸುವ ಕಾಲ ಮುಗಿದಿದೆ. ನಾವು ಮಾಡಿಸದಿದ್ದರೆ ಮೊಬೈಲ್ ಮಾಡಿಸುತ್ತದೆ. ಮೊಬೈಲ್ ತೋರಿಸುವುದು ಬಾಯಿ ತೆರೆದು ಕಿರುಚುತ್ತಾ ಜನರನ್ನು ಅಟ್ಟಿಸಿಕೊಂಡು ಬರುವ ರಾಕ್ಷಸನನ್ನು.

ಮನೆಯಲ್ಲಿ ನಾವೂ ಅದನ್ನೇ ಮುಂದುವರಿಸುತ್ತೇವೆ. "ಊಟ ಮಾಡು, ಇಲ್ಲಾಂದ್ರ ಡೈನೋಸಾರ್ ಬರ್ತೈತಿ" ಅನ್ನುವ ಮಾತು ಈಗ ನಮ್ಮ ಓಣಿಗಳಲ್ಲಿ ಕೇಳುತ್ತದೆ. ಹಿಂದೆ ಗುಮ್ಮ ಬರುತ್ತಿದ್ದ, ಈಗ ಅವನ ಜಾಗಕ್ಕೆ ಡೈನೋಸಾರ್ ಬಂದಿದೆ. ಇದು ನನಗೆ ತುಂಬಾ ಬೇಸರದ ಸಂಗತಿ. ಗುಮ್ಮನ ಬಗ್ಗೆ ಮಗು ಪ್ರಶ್ನೆ ಕೇಳುವ ಹಾಗಿಲ್ಲ, ಕಣ್ಣು ಮುಚ್ಚಿ ಹೆದರಬೇಕು ಅಷ್ಟೇ. ಆದರೆ ಡೈನೋಸಾರ್ ನಿಜವಾಗಿ ಇದ್ದ ಪ್ರಾಣಿ. ಅದರ ಬಗ್ಗೆ ಎಷ್ಟು ಬೇಕಾದರೂ ಕೇಳಬಹುದು, ಕೆಲವಕ್ಕೆ ಉತ್ತರವೂ ಸಿಗುತ್ತದೆ. ಕೇಳುವ ಆ ಖುಷಿಯನ್ನು ನಾವು ಒಂದು ತುತ್ತು ಅನ್ನಕ್ಕಾಗಿ ಕಿತ್ತುಕೊಳ್ಳಬಾರದು.

ನಾನು ಹೇಳಬೇಕೆಂದಿರುವುದು ಇಷ್ಟು. ದೊಡ್ಡ ಬೇಟೆಗಾರ ಡೈನೋಸಾರನ್ನು ಮಗುವಿಗೆ ಪರಿಚಯಿಸುವಾಗ ಎಲುಬಿನಿಂದ ಶುರು ಮಾಡಿ. ಹಲ್ಲು, ಗರ್ಜನೆ, ರಕ್ತ ಆಮೇಲೆ ಬರಲಿ. "ಇದು ನಮಗೆ ಹೇಗೆ ಗೊತ್ತಾಯ್ತು?" ಅನ್ನುವ ಪ್ರಶ್ನೆ ಮೊದಲ ದಿನದಿಂದಲೇ ಮಗುವಿನ ಬಾಯಲ್ಲಿ ಇರಲಿ. ಆ ಮೊದಲ ಡೈನೋಸಾರ್ ನಮ್ಮ ದೇಶದ್ದೇ ಆಗಿರಲಿ.

ನಮ್ಮ ದೇಶದಲ್ಲಿ ಅಂಥದ್ದು ಇತ್ತಾ? ಇತ್ತು. ಅದರ ಹೆಸರು ರಾಜಸಾರಸ್ ನರ್ಮದೆನ್ಸಿಸ್.

ಗುಜರಾತಿನ ಬಾಲಾಸಿನೋರ್ ಹತ್ತಿರ ರೈಯೋಲಿ ಅಂತ ಒಂದು ಹಳ್ಳಿ ಇದೆ. 1980ರ ದಶಕದ ಆರಂಭದಲ್ಲಿ ಆ ಕಡೆ ಸುಣ್ಣದ ಕಲ್ಲಿನ ಗಣಿಯಲ್ಲಿ ಉರುಟು ಉರುಟಾದ ಕಲ್ಲುಗಳು ಸಿಕ್ಕವು. ನೋಡಿದರೆ ಅವು ಡೈನೋಸಾರ್ ಮೊಟ್ಟೆಗಳು. ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸುರೇಶ್ ಶ್ರೀವಾಸ್ತವ ಅವರು 1982ರಿಂದ 1984ರವರೆಗೆ ರೈಯೋಲಿಯಲ್ಲಿ ಅಗೆದು ಎಲುಬುಗಳನ್ನು ತೆಗೆದರು. ತಲೆಬುರುಡೆಯ ಒಂದು ಭಾಗ, ಬೆನ್ನೆಲುಬು, ಸೊಂಟದ ಎಲುಬು, ಕಾಲು, ಬಾಲದ ತುಂಡುಗಳು ಸಿಕ್ಕವು. ಒಂದೇ ಜಾಗದಲ್ಲಿ ಬೇರೆ ಬೇರೆ ಪ್ರಾಣಿಗಳ ಎಲುಬುಗಳು ಬೆರೆತು ಬಿದ್ದಿದ್ದವು. ಶ್ರೀವಾಸ್ತವ ಅವರು ಯಾವ ಎಲುಬು ಎಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಬಿದ್ದಿತ್ತು ಅನ್ನುವುದರ ನಕ್ಷೆ ಬರೆದಿಟ್ಟಿದ್ದರು. ಸುಮಾರು 20 ವರ್ಷ ಆದ ಮೇಲೆ ಜೆಫ್ರಿ ವಿಲ್ಸನ್, ಪಾಲ್ ಸೆರೆನೊ, ಅಶೋಕ್ ಸಾಹ್ನಿ ಮೊದಲಾದವರು ಶ್ರೀವಾಸ್ತವ ಅವರ ಜೊತೆ ಸೇರಿ ಅವೇ ಎಲುಬುಗಳನ್ನು ಮತ್ತೆ ನೋಡಿದರು. ಆ ನಕ್ಷೆ ಇದ್ದದ್ದರಿಂದಲೇ ಯಾವ ಎಲುಬು ಯಾವುದಕ್ಕೆ ಸೇರಿದ್ದು ಎಂದು ಹೊಂದಿಸಲು ಆಯ್ತು. 2003ರಲ್ಲಿ ರಾಜಸಾರಸ್ ಅಂತ ಹೆಸರಿಟ್ಟರು.

ನೋಡಿ, ಎಲುಬು ಸಿಕ್ಕಿದ್ದು 1980ರ ದಶಕದಲ್ಲಿ, ಹೆಸರು ಬಂದದ್ದು 2003ರಲ್ಲಿ. ಇದನ್ನು ಮಕ್ಕಳಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಒಬ್ಬರು ಚೆನ್ನಾಗಿ ಬರೆದಿಟ್ಟ ಕಾಗದ ಇಪ್ಪತ್ತು ವರ್ಷದ ಮೇಲೆ ಒಂದು ಪ್ರಾಣಿಯನ್ನು ಎಬ್ಬಿಸಿ ನಿಲ್ಲಿಸಿತು! ನೋಟ್‌ಬುಕ್ ಯಾಕೆ ಅಚ್ಚುಕಟ್ಟಾಗಿ ಇಡಬೇಕು ಅಂತ ಮಗುವಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಕಥೆ ಗೊತ್ತಿಲ್ಲ.

ಇದನ್ನು ಶಾಲೆಯಲ್ಲೇ ಮಾಡಿಸಬಹುದು. ಖರ್ಚು ಏನೂ ಇಲ್ಲ. ಮನೆಯಲ್ಲಿ ಕೋಳಿ ಊಟ ಆದಾಗ ಎಲುಬುಗಳನ್ನು ಬಿಸಾಡದೆ ಚೆನ್ನಾಗಿ ಕುದಿಸಿ, ತೊಳೆದು, ಬಿಸಿಲಿಗೆ ಒಣಗಿಸಿಡಿ. ಶಾಲೆಯಲ್ಲಿ ಮಾಂಸದ ವಸ್ತು ಬೇಡ ಅನ್ನುವವರಿದ್ದರೆ ರಟ್ಟಿನಲ್ಲಿ ಎಲುಬಿನ ಆಕಾರ ಕತ್ತರಿಸಿಕೊಳ್ಳಿ, ಅದರಿಂದ ಏನೂ ಕಡಿಮೆ ಆಗುವುದಿಲ್ಲ. ಆಟದ ಮೈದಾನದ ಮೂಲೆಯಲ್ಲಿ ಎರಡು ಪುಟ್ಟಿ ಮರಳು ಹರಡಿ. ಎಲುಬುಗಳನ್ನು ಪ್ರಾಣಿ ಮಲಗಿದ ಹಾಗೆ ಜೋಡಿಸಿ, ನಾಲ್ಕಾರನ್ನು ಸ್ವಲ್ಪ ಸರಿಸಿ, ಮೇಲೆ ಮರಳು ಮುಚ್ಚಿ. ದಾರ ಎಳೆದು ಚೌಕ ಚೌಕ ಮಾಡಿ. ಮಕ್ಕಳನ್ನು ಎರಡು ಗುಂಪು ಮಾಡಿ. ಒಂದು ಗುಂಪು ಹಳೆಯ ಬ್ರಷ್‌ನಿಂದ ನಿಧಾನವಾಗಿ ಮರಳು ಸರಿಸುತ್ತಾ, ಎಲುಬು ಕಂಡಲ್ಲೆಲ್ಲಾ ಚೌಕದ ಹಾಳೆಯಲ್ಲಿ ಚಿತ್ರ ಬರೆದು, ನಂಬರ್ ಹಾಕಿ, ಆಮೇಲೆ ಎತ್ತಬೇಕು. ಇನ್ನೊಂದು ಗುಂಪು ಅಂಥದ್ದೇ ಇನ್ನೊಂದು ಮರಳಿನಿಂದ ಸುಮ್ನೆ ಎಲುಬು ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳಬೇಕು. ಮರುದಿನ ಎರಡೂ ಗುಂಪಿಗೆ "ಈಗ ಪ್ರಾಣಿ ಜೋಡಿಸಿ" ಅನ್ನಿ.

ನಕ್ಷೆ ಇರುವ ಗುಂಪು ಕೆಲಸ ಮಾಡುತ್ತದೆ. ಇನ್ನೊಂದು ಗುಂಪಿನಲ್ಲಿ ಜಗಳ ಶುರುವಾಗುತ್ತದೆ. ಆ ಜಗಳವನ್ನು ತಡೆಯಬೇಡಿ. "ಇದು ಕಾಲಿಂದು", "ಅಲ್ಲ, ರೆಕ್ಕೀದು" ಅಂತ ವಾದ ಮಾಡುವಾಗ ಅವರು ಎಲುಬಿನ ಆಕಾರ, ಉದ್ದ, ಕೀಲು ಎಲ್ಲವನ್ನೂ ನೋಡಲೇಬೇಕಾಗುತ್ತದೆ. ಪಳೆಯುಳಿಕೆ ತಜ್ಞರು ಮಾಡುವುದೂ ಅದನ್ನೇ. ಆಮೇಲೆ ಎರಡೂ ಗುಂಪಿನ ಮಕ್ಕಳು ಅದಲುಬದಲು ಆಗಿ ಇನ್ನೊಮ್ಮೆ ಮಾಡಲಿ.

ಅದೇ ಕೋಳಿಯಿಂದ ಇನ್ನೊಂದು ಪಾಠ ಇದೆ. ಎದೆಯ ಮೇಲ್ಭಾಗದಲ್ಲಿ ವಿ ಆಕಾರದ ಒಂದು ಎಲುಬು ಸಿಗುತ್ತದೆ, ನೋಡಿರುತ್ತೀರಿ. ಮಾಂಸಾಹಾರಿ ಡೈನೋಸಾರ್‌ಗಳ ಗುಂಪಿನಲ್ಲೂ ಅಂಥ ಎಲುಬು ಇತ್ತು. ಜವಾರಿ ಕೋಳಿಯ ಪಾದ ನೋಡಿ, ಮುಂದಕ್ಕೆ ಮೂರು ಬೆರಳು. ಆ ಡೈನೋಸಾರ್‌ಗಳೂ ಮೂರು ಬೆರಳೂರಿ ಎರಡು ಕಾಲಲ್ಲಿ ನಡೆಯುತ್ತಿದ್ದವು. ಹಕ್ಕಿಗಳು ಆ ಗುಂಪಿನಿಂದಲೇ ಬಂದವು. ಅಂಗಳದಲ್ಲಿ ಕೋಳಿ ಓಡಾಡುವುದನ್ನು, ತಲೆ ಓರೆ ಮಾಡಿ ನೋಡುವುದನ್ನು, ಕಾಲಲ್ಲಿ ನೆಲ ಕೆದರುವುದನ್ನು ಗಮನಿಸಿ ಬರೆಯಲು ಮಕ್ಕಳಿಗೆ ಹೇಳಿ. ಹಳ್ಳಿ ಮಕ್ಕಳಿಗೆ ಇದು ಪೇಟೆ ಮಕ್ಕಳಿಗಿಂತ ಸುಲಭ. ಆ ಲಾಭ ನಮ್ಮ ಮಕ್ಕಳಿಗೆ ಸಿಗಬೇಕು.

ಈಗ ರಾಜಸಾರಸ್ ಹೇಗಿತ್ತು ಅನ್ನುವುದಕ್ಕೆ ಬರೋಣ. ಎರಡು ಕಾಲಿನ ಮೇಲೆ ನಡೆಯುವ ಮಾಂಸಾಹಾರಿ. ಹಣೆಯ ಮೇಲೆ ಗಿಡ್ಡ ಕೋಡಿನಂಥ ಉಬ್ಬು. ಉದ್ದ ಎಷ್ಟು ಅಂದರೆ, ಮೊದಲು 7.6ರಿಂದ 9 ಮೀಟರ್ ಅಂದಾಜು ಮಾಡಿದ್ದರು. ಆಮೇಲೆ ಸುಮಾರು 6.6 ಮೀಟರ್ ಅನ್ನುವ ಅಂದಾಜೂ ಬಂತು. ಯಾಕೆ ಹೀಗೆ? ಪೂರ್ತಿ ಅಸ್ಥಿಪಂಜರ ಸಿಕ್ಕಿಲ್ಲ, ಅದಕ್ಕೆ. ಮೈದಾನದಲ್ಲಿ ಸುಣ್ಣದ ಪುಡಿಯಿಂದ 6.6 ಮೀಟರ್‌ಗೆ ಒಂದು ಗೆರೆ, 9 ಮೀಟರ್‌ಗೆ ಇನ್ನೊಂದು ಗೆರೆ ಎಳೆಯಿರಿ. ಎರಡನ್ನೂ ತೋರಿಸಿ. ಒಂದೇ ಸಂಖ್ಯೆ ಹೇಳಿ ಬಾಯಿಪಾಠ ಮಾಡಿಸುವುದಕ್ಕಿಂತ ಈ ಎರಡು ಗೆರೆಗಳ ನಡುವೆ ಮಗುವನ್ನು ನಿಲ್ಲಿಸುವುದು ಒಳ್ಳೆಯದು. ಇಲ್ಲಿ ಇನ್ನೂ ಕೆಲಸ ಬಾಕಿ ಇದೆ ಅಂತ ಅದಕ್ಕೆ ತಿಳಿಯುತ್ತದೆ.

ಬಣ್ಣ? ಅದರ ಚರ್ಮ ಸಿಕ್ಕಿಲ್ಲ. ಹಾಗಾಗಿ ಮಕ್ಕಳು ತಮಗೆ ಇಷ್ಟ ಬಂದ ಬಣ್ಣ ಹಾಕಲಿ. ಗುಲಾಬಿ ಹಾಕಿದರೂ ತಪ್ಪು ಅನ್ನಬೇಡಿ. "ಈ ಬಣ್ಣ ಇದ್ದಿದ್ದರೆ ಅದು ಎಲ್ಲಿ ಅಡಗಿಕೊಳ್ಳುತ್ತಿತ್ತು?" ಅಂತ ಕೇಳಿ ಸಾಕು.

ಗರ್ಜನೆ ವಿಷಯ ಸ್ವಲ್ಪ ಹೇಳಲೇಬೇಕು, ಯಾಕಂದರೆ ಮಕ್ಕಳು ಹೆದರುವುದು ಜಾಸ್ತಿ ಅದಕ್ಕೇ. ಸಿಂಹದ ಹಾಗೆ ಬಾಯಿ ಅಗಲಿಸಿ ಗರ್ಜಿಸುತ್ತಿದ್ದವು ಅನ್ನುವುದಕ್ಕೆ ಆಧಾರ ಇಲ್ಲ. ಮೊಸಳೆಗಳು, ಪಾರಿವಾಳದಂಥ ಹಕ್ಕಿಗಳು ಬಾಯಿ ಮುಚ್ಚಿಕೊಂಡೇ ಗಂಟಲು ಉಬ್ಬಿಸಿ ಸದ್ದು ಮಾಡುತ್ತವೆ. ಡೈನೋಸಾರ್‌ಗಳಲ್ಲೂ ಕೆಲವು ಹಾಗೇ ಮಾಡುತ್ತಿದ್ದಿರಬಹುದು ಅನ್ನುವುದು ವಿಜ್ಞಾನಿಗಳ ಯೋಚನೆ. ಮಕ್ಕಳನ್ನು ಕೂರಿಸಿ, ಬಾಯಿ ಮುಚ್ಚಿ, ಎದೆಯ ಮೇಲೆ ಕೈ ಇಟ್ಟು, ಆದಷ್ಟು ದಪ್ಪ ದನಿಯಲ್ಲಿ "ಹೂಂ" ಅನ್ನಿಸಿ. ಇಡೀ ತರಗತಿ ಒಟ್ಟಿಗೆ ಮಾಡಿದಾಗ ಎದೆ ಅದುರುತ್ತದೆ, ಮಕ್ಕಳು ನಗುತ್ತಾರೆ. ಹೆದರಿಕೆಯ ಜಾಗದಲ್ಲಿ ಕುತೂಹಲ ಬರಲು ಅಷ್ಟು ಸಾಕು.

ಇನ್ನು ಬೇಟೆ. ಇಲ್ಲಿ ಹಲವರು ತಡವರಿಸುತ್ತಾರೆ. ಕೊಲ್ಲುವುದನ್ನು ಸಣ್ಣ ಮಗುವಿಗೆ ಹೇಗೆ ಹೇಳುವುದು? ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಹೊಸದೇನಲ್ಲ. ಕುರಿ ಹಟ್ಟಿಗೆ ತೋಳ ಬಂದ ಸುದ್ದಿ ಕೇಳಿ ಬೆಳೆದವರು ಅವರು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮ ಇದೆ. ಹುಲ್ಲು, ಹುಲ್ಲು ತಿನ್ನುವ ಕುರಿ, ಕುರಿ ಹಿಡಿಯುವ ತೋಳ. ಕುರಿ ಕಾಯುವವರ ಮಗುವಿಗೆ ಈ ಸಾಲು ನಮಗಿಂತ ಚೆನ್ನಾಗಿ ಗೊತ್ತು. ಅದೇ ಸಾಲಿನಲ್ಲಿ ರಾಜಸಾರಸ್ಸನ್ನು ನಿಲ್ಲಿಸಿ. ಆ ಕಾಲದಲ್ಲಿ ಮಧ್ಯ ಭಾರತದಲ್ಲಿ ಐಸಿಸಾರಸ್‌ನಂಥ ಉದ್ದ ಕತ್ತಿನ, ಗಿಡ ತಿನ್ನುವ ಡೈನೋಸಾರ್‌ಗಳಿದ್ದವು. ರಾಜಸಾರಸ್‌ನಂಥವುಗಳಿಗೆ ಅವು ಮತ್ತು ಅವುಗಳ ಮರಿಗಳು ಆಹಾರವಾಗಿದ್ದಿರಬೇಕು. ತೋಳ ಕೆಟ್ಟದ್ದಲ್ಲ, ಹಸಿದದ್ದು. ಇದೂ ಹಾಗೆಯೇ.

ಆ ಸಾಲಿನ ಬುಡದಲ್ಲಿ ಒಂದು ಚೆಂದದ ಸಂಗತಿ ಇದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ಡೂರಾದಲ್ಲಿ ಕಲ್ಲಾಗಿರುವ ಡೈನೋಸಾರ್ ಸಗಣಿ ಸಿಕ್ಕಿದೆ. ಲಕ್ನೋದ ವಂದನಾ ಪ್ರಸಾದ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ, ಒಳಗೆ ಹುಲ್ಲಿನ ಸೂಕ್ಷ್ಮ ಕಣಗಳಿವೆ ಎಂದು 2005ರಲ್ಲಿ ತೋರಿಸಿದರು. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಅಂತ ಅಲ್ಲಿಯವರೆಗೆ ನಂಬಿದ್ದರು. 2011ರಲ್ಲಿ ಇನ್ನೊಂದು ಹೆಜ್ಜೆ. ಆ ಹುಲ್ಲುಗಳಲ್ಲಿ ಕೆಲವು ಭತ್ತದ ಬಳಗಕ್ಕೆ ಸೇರಿದವು ಎಂದು ಗೊತ್ತಾಯ್ತು! ಗಂಗಾವತಿ, ಸಿಂಧನೂರು ಕಡೆಯ ಮಕ್ಕಳಿಗೆ ಇದನ್ನು ಹೇಳಿ ನೋಡಿ. ಅವರು ದಿನಾ ನೋಡುವ ಗದ್ದೆಯ ಪೈರಿನ ಹಳೆಯ ನೆಂಟನನ್ನು ಡೈನೋಸಾರ್ ಮೇಯುತ್ತಿತ್ತು. ಸಗಣಿ ಅಂದ ಕೂಡಲೇ ಮಕ್ಕಳು ನಗುತ್ತಾರೆ. ನಗಲಿ. ನಕ್ಕ ಮೇಲೆ ಅದನ್ನು ಮರೆಯುವುದಿಲ್ಲ.

ಬೇಟೆಗಾರ ಯಾವಾಗಲೂ ದೊಡ್ಡದೇ ಆಗಿರಬೇಕಾಗಿಲ್ಲ ಅನ್ನುವುದಕ್ಕೂ ಗುಜರಾತಿನಲ್ಲೇ ಸಾಕ್ಷಿ ಇದೆ. ಡೈನೋಸಾರ್ ಗೂಡಿನಲ್ಲಿ, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡ ಸ್ಥಿತಿಯಲ್ಲೇ ಕಲ್ಲಾದ ಸುಮಾರು 3.5 ಮೀಟರ್ ಉದ್ದದ ಒಂದು ಹಾವು ಸಿಕ್ಕಿದೆ. ಪಕ್ಕದಲ್ಲಿ ಆಗಷ್ಟೇ ಹೊರಬಂದ ಮರಿಯ ಎಲುಬುಗಳು. ಧನಂಜಯ ಮೊಹಬೆ, ಜೆಫ್ರಿ ವಿಲ್ಸನ್ ಮತ್ತಿತರರು 2010ರಲ್ಲಿ ಅದಕ್ಕೆ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. ಎಷ್ಟೇ ದೊಡ್ಡ ಡೈನೋಸಾರ್ ಆದರೂ ಒಂದು ಕಾಲಕ್ಕೆ ಹಾವು ನುಂಗುವಷ್ಟು ಸಣ್ಣದಿತ್ತು. ಸಣ್ಣವರಿಗೆ ಈ ಮಾತು ತುಂಬಾ ಹಿಡಿಸುತ್ತದೆ.

ಇಷ್ಟೆಲ್ಲಾ ಹೇಳಿದರೂ ಒಂದು ಮಗು ಎದ್ದು ನಿಂತು "ಟಿ. ರೆಕ್ಸ್ ಇದಕ್ಕಿಂತ ದೊಡ್ಡದು" ಅನ್ನುತ್ತದೆ. ಟಿ. ರೆಕ್ಸ್ ಅಂದರೆ ಟೈರನೊಸಾರಸ್ ರೆಕ್ಸ್ ಅನ್ನುವ ಮಾಂಸಾಹಾರಿ ಡೈನೋಸಾರ್. ಹೌದು, ದೊಡ್ಡದು. ಸುಮಾರು 12 ಮೀಟರ್. ಆದರೆ ಅದು ಇದ್ದದ್ದು ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ. 1905ರಲ್ಲಿ ಅದಕ್ಕೆ ಹೆಸರಿಟ್ಟರು. ರಾಜಸಾರಸ್‌ಗೂ ಅದಕ್ಕೂ ಎಂದೂ ಭೇಟಿ ಆಗಿರಲು ಸಾಧ್ಯವಿಲ್ಲ, ಕಾಲ ಹತ್ತಿರದ್ದಾದರೂ ನಡುವೆ ಸಮುದ್ರ. "ಎರಡಕ್ಕೂ ಕುಸ್ತಿ ಬಿದ್ದರೆ ಯಾರು ಗೆಲ್ಲುತ್ತಾರೆ?" ಅನ್ನುವ ಆಟ ಆಡಿಸಬೇಡಿ ಅಂತ ನಾನು ಹೇಳುವುದಿಲ್ಲ. ಆಟದ ಕೊನೆಗೆ ಭೂಪಟ ತೆರೆದು ಎರಡೂ ಊರು ತೋರಿಸಿ.

ಆ ಭೂಪಟದಿಂದ ಇನ್ನೂ ಒಂದು ಕೆಲಸ ಆಗುತ್ತದೆ. ರಾಜಸಾರಸ್‌ನ ಹತ್ತಿರದ ಬಂಧುಗಳಲ್ಲಿ ಒಂದಾದ ಮಜುಂಗಸಾರಸ್ ಸಿಕ್ಕಿದ್ದು ಮಡಗಾಸ್ಕರ್ ದ್ವೀಪದಲ್ಲಿ. ಅದೇ ಬಳಗದ ಕಾರ್ನೊಟಾರಸ್ ಅರ್ಜೆಂಟೀನಾದಲ್ಲಿ. ನಡುವೆ ಅಷ್ಟು ದೊಡ್ಡ ಸಾಗರ ಇದ್ದರೂ ಬಂಧುಗಳು ಹೇಗೆ? ಈ ನೆಲಗಳೆಲ್ಲಾ ಮೊದಲು ಒಂದಕ್ಕೊಂದು ಅಂಟಿಕೊಂಡಿದ್ದವು. ಭಾರತ ಮಡಗಾಸ್ಕರ್‌ನಿಂದ ಬೇರೆಯಾದದ್ದು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ. ಹಳೆಯ ಭೂಪಟದ ಹಾಳೆ ಇದ್ದರೆ ಖಂಡಗಳನ್ನು ಕತ್ತರಿಸಿ ಮಕ್ಕಳೇ ಜೋಡಿಸಲಿ.

ಟಿ. ರೆಕ್ಸ್ ಬಗ್ಗೆ ಹೇಳುವುದಾದರೆ ನನಗೆ ಪ್ರಿಯವಾದ ಸಂಗತಿ ಇದು. ಗಿಡ ತಿನ್ನುವ ಒಂದು ಡೈನೋಸಾರ್‌ನ ಬಾಲದ ಎಲುಬಿನಲ್ಲಿ ಟಿ. ರೆಕ್ಸ್‌ನ ಹಲ್ಲು ಮುರಿದು ಸಿಕ್ಕಿಹಾಕಿಕೊಂಡಿದೆ. 2013ರಲ್ಲಿ ಇದು ಪ್ರಕಟವಾಯ್ತು. ಹಲ್ಲಿನ ಸುತ್ತ ಎಲುಬು ಮತ್ತೆ ಬೆಳೆದಿದೆ. ಸತ್ತ ಪ್ರಾಣಿಯ ಎಲುಬು ಬೆಳೆಯುತ್ತದಾ? ಇಲ್ಲ. ಅಂದರೆ ಟಿ. ರೆಕ್ಸ್ ಜೀವಂತ ಪ್ರಾಣಿಯ ಮೇಲೆ ಎರಗಿತ್ತು. ಅಷ್ಟೇ ಅಲ್ಲ, ಆ ಪ್ರಾಣಿ ತಪ್ಪಿಸಿಕೊಂಡು ಹೋಗಿ, ಗಾಯ ವಾಸಿಯಾಗಿ, ಮುಂದೆಯೂ ಬದುಕಿತ್ತು. ಒಂದೇ ಎಲುಬಿನಲ್ಲಿ ಬೇಟೆಯೂ ಇದೆ, ಪಾರಾದದ್ದೂ ಇದೆ. ಮಕ್ಕಳಿಗೆ ಉತ್ತರ ಹೇಳಿಬಿಡಬೇಡಿ. "ಎಲುಬು ಬೆಳೆದಿದೆ ಅಂದರೆ ಏನಾಗಿರಬೇಕು?" ಎಂದು ಕೇಳಿ ಸುಮ್ಮನೆ ಕಾಯಿರಿ. ಯಾರಾದರೂ ಒಂದು ಮಗು ಹೇಳಿಯೇ ಹೇಳುತ್ತದೆ.

ಆಟಿಕೆಯ ಟಿ. ರೆಕ್ಸ್ ನೆಟ್ಟಗೆ ನಿಂತು ಬಾಲ ನೆಲಕ್ಕೆ ಎಳೆಯುತ್ತದೆ. ನ್ಯೂಯಾರ್ಕ್‌ನ ಮ್ಯೂಸಿಯಂನಲ್ಲೂ ಬಹಳ ವರ್ಷ ಹಾಗೇ ನಿಲ್ಲಿಸಿದ್ದರು. ಅದು ಸರಿಯಲ್ಲ ಎಂದು ಗೊತ್ತಾದ ಮೇಲೆ 1990ರ ದಶಕದಲ್ಲಿ ಬಿಚ್ಚಿ, ಬೆನ್ನು ನೆಲಕ್ಕೆ ಸಮವಾಗಿ, ಬಾಲ ಮೇಲೆತ್ತಿ ಮತ್ತೆ ಜೋಡಿಸಿದರು. ಹೊಸ ಆಧಾರ ಸಿಕ್ಕರೆ ಹಳೆಯದನ್ನು ಬಿಡುವುದು ನಾಚಿಕೆಯ ವಿಷಯವಲ್ಲ ಅಂತ ಮಕ್ಕಳು ಸಣ್ಣವರಿದ್ದಾಗಲೇ ನೋಡಲಿ.

ಈಗ ನಮ್ಮ ಊರಿನ ಪ್ರಶ್ನೆ. "ಸರ, ನಮ್ಮ ಗುಡ್ಡದಾಗ ಅದರ ಎಲುಬು ಸಿಗತಾವೇನ್ರಿ?" ಈ ಪ್ರಶ್ನೆ ಬಂದೇ ಬರುತ್ತದೆ. ಸಿಗುವುದಿಲ್ಲ ಅನ್ನುವುದೇ ಉತ್ತರ. ಆದರೆ "ಇಲ್ಲ, ಕೂತ್ಕೋ" ಅಂದುಬಿಟ್ಟರೆ ದೊಡ್ಡ ನಷ್ಟ. ಯಾಕೆ ಇಲ್ಲ ಅನ್ನುವುದು ಇದ್ದದ್ದಕ್ಕಿಂತ ರೋಚಕ.

ಕೆಸರು, ಮರಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲಿನಲ್ಲಿ ಮಾತ್ರ ಎಲುಬು ಉಳಿಯುತ್ತದೆ. ಕೊಪ್ಪಳ, ಆನೆಗುಂದಿ, ಹಂಪಿಯ ಗುಂಡುಗಳು ಗ್ರಾನೈಟ್. ಭೂಮಿಯ ಒಳಗೆ ಕರಗಿದ ಕಲ್ಲು ನಿಧಾನವಾಗಿ ತಣ್ಣಗಾಗಿ ಆದದ್ದು. ಅದರೊಳಗೆ ಎಲುಬಿಗೆ ಜಾಗವೇ ಇಲ್ಲ. ಮೇಲಾಗಿ ನಮ್ಮ ಈ ಕಲ್ಲುಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಾಗಾದರೆ ಬಾದಾಮಿಯ ಕಲ್ಲು ಪದರ ಪದರವಾಗಿದೆಯಲ್ಲ ಅಂತ ಜಾಣ ಮಗು ಕೇಳಬಹುದು. ಅದು ಮರಳುಗಲ್ಲು, ನಿಜ, ಆದರೆ ಅದೂ ಡೈನೋಸಾರ್‌ಗಳಿಗಿಂತ ಬಹಳ ಹಳೆಯದು.

ಇದನ್ನು ಹಗ್ಗದಲ್ಲಿ ತೋರಿಸಿ. 10 ಕೋಟಿ ವರ್ಷಕ್ಕೆ 1 ಮೀಟರ್ ಲೆಕ್ಕ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಅಂದರೆ 45 ಮೀಟರ್‌ಗಿಂತ ಸ್ವಲ್ಪ ಉದ್ದದ ಹಗ್ಗ ಬೇಕು. ಮೈದಾನದ ಉದ್ದಕ್ಕೂ ಎಳೆಯಿರಿ. ಒಂದು ತುದಿ ಇವತ್ತು. ಅಲ್ಲಿಂದ 25 ಮೀಟರ್ ಹಿಂದಕ್ಕೆ ಒಂದು ಗಂಟು, ಅದು ಹಂಪಿಯ ಕಲ್ಲು. 2.3 ಮೀಟರ್‌ನಲ್ಲಿ ಇನ್ನೊಂದು, ಅದು ಮೊದಲ ಡೈನೋಸಾರ್‌ಗಳು. 67 ಸೆಂಟಿಮೀಟರ್‌ನಲ್ಲಿ ರಾಜಸಾರಸ್. 66ರಲ್ಲಿ ದೊಡ್ಡ ಡೈನೋಸಾರ್‌ಗಳು ಮುಗಿದವು. ಮನುಷ್ಯ? ಸುಮಾರು 3 ಲಕ್ಷ ವರ್ಷ, ಅಂದರೆ 3 ಮಿಲಿಮೀಟರ್. ಹಿರೇಬೆಣಕಲ್‌ನ ಮೋರ್ಯರ ಗುಡ್ಡದ ಕಲ್ಮನೆಗಳು 2000 ವರ್ಷಕ್ಕೂ ಹಳೆಯವು. ಈ ಹಗ್ಗದಲ್ಲಿ ಅವಕ್ಕೆ ಒಂದು ಕೂದಲಿನ ದಪ್ಪವೂ ಸಿಗುವುದಿಲ್ಲ. ಮನುಷ್ಯರನ್ನು ಅಟ್ಟಿಸಿಕೊಂಡು ಹೋಗುವ ಡೈನೋಸಾರ್ ಯಾಕೆ ಸುಳ್ಳು ಅಂತ ಬೇರೆ ಹೇಳಬೇಕಾಗಿಲ್ಲ. 66 ಸೆಂಟಿಮೀಟರ್‌ಗೂ 3 ಮಿಲಿಮೀಟರ್‌ಗೂ ನಡುವಿನ ಖಾಲಿ ಹಗ್ಗ ಕಣ್ಣಿಗೆ ಕಾಣುತ್ತದೆ.

ಇನ್ನೂ ಒಂದು ಮಾತು. ನಮ್ಮಲ್ಲಿ ಎಲುಬು ಸಿಗುವುದಿಲ್ಲ ಅಂದರೆ ನಮ್ಮಲ್ಲಿ ಅವು ಓಡಾಡಿಯೇ ಇಲ್ಲ ಅಂತ ಅರ್ಥ ಅಲ್ಲ. ಆಗಲೂ ಈ ನೆಲ ಇತ್ತು. ಇಲ್ಲಿ ಸತ್ತವುಗಳನ್ನು ಮುಚ್ಚಿ ಕಾಪಾಡುವ ಕೆಸರಿನ ಪದರ ಉಳಿಯಲಿಲ್ಲ ಅಷ್ಟೇ. ಸಿಗದಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ಇದೆ. ಐದನೇ ತರಗತಿ ಮಗುವಿಗೆ ಇದು ಅರ್ಥವಾದರೆ ನಾನು ತುಂಬಾ ಸಂತೋಷ ಪಡುತ್ತೇನೆ.

ರಾಜಸಾರಸ್‌ನ ಕೊನೆಗಾಲದ ಕಲ್ಲನ್ನು ಮುಟ್ಟಬೇಕಾ? ವಿಜಯಪುರಕ್ಕೆ ಪ್ರವಾಸ ಹೋದಾಗ ಗೋಳಗುಮ್ಮಟದ ಗೋಡೆ ಮುಟ್ಟಿಸಿ. ಅದು ಕಪ್ಪು ಬಸಾಲ್ಟ್. ದಖ್ಖನ್‌ನಲ್ಲಿ ಬಿರುಕುಗಳಿಂದ ಲಾವಾ ಉಕ್ಕಿ ಹರಿದು ಗಟ್ಟಿಯಾದ ಕಲ್ಲು, 6 ಕೋಟಿ 60 ಲಕ್ಷ ವರ್ಷದ ಆಸುಪಾಸಿನದು. ಅದೇ ಹೊತ್ತಿಗೆ ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಮೆಕ್ಸಿಕೋದ ಯುಕಟಾನ್ ಬಳಿ ಬಂದು ಬಿತ್ತು. ದೊಡ್ಡ ಡೈನೋಸಾರ್‌ಗಳು ಅಳಿದದ್ದಕ್ಕೆ ಆ ಹೊಡೆತ ಮುಖ್ಯ ಕಾರಣ, ಲಾವಾದ ಪಾಲು ಎಷ್ಟು ಅನ್ನುವ ಚರ್ಚೆ ಇನ್ನೂ ನಡೆದಿದೆ. ಮಕ್ಕಳು ಹಂಪಿಗೂ ಹೋಗುತ್ತಾರೆ, ವಿಜಯಪುರಕ್ಕೂ ಹೋಗುತ್ತಾರೆ. ರಾಜರ ಹೆಸರಿನ ಜೊತೆಗೆ ಕಲ್ಲಿನ ವಯಸ್ಸನ್ನೂ ಹೇಳಿ ಅಂತ ನನ್ನ ಕೋರಿಕೆ.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ಮಗ ಡೈನೋಸಾರ್ ವಿಡಿಯೊ ನೋಡಿ ರಾತ್ರಿ ಹೆದರಿ ಅಳುತ್ತಾನೆ, ಏನು ಮಾಡೋದು? "ಹೆದರಬೇಡ, ಅದು ಸುಳ್ಳು" ಅನ್ನಬೇಡಿ. ಅದು ಸುಳ್ಳಲ್ಲ, ಅವನಿಗೂ ಗೊತ್ತು. "ಅದು ಇತ್ತು, ಈಗ ಇಲ್ಲ, ಮತ್ತೆ ಬರೋದಿಲ್ಲ" ಅಂತ ಅದೇ ಮೂರು ಮಾತನ್ನು ಪ್ರತಿ ಸಲ ಸಮಾಧಾನದಿಂದ ಹೇಳಿ. ವಿಡಿಯೊ ಕೆಲವು ದಿನ ನಿಲ್ಲಿಸಿ, ಮಣ್ಣಿನಲ್ಲಿ ಅವನ ಕೈಯಿಂದಲೇ ಒಂದು ಡೈನೋಸಾರ್ ಮಾಡಿಸಿ. ತಾನೇ ಮಾಡಿದ, ಅಂಗೈಯಲ್ಲಿ ಹಿಡಿಯುವಂಥದ್ದಕ್ಕೆ ಮಕ್ಕಳು ಹೆದರುವುದು ಕಡಿಮೆ. ಮನೆಯಲ್ಲಿ ದೊಡ್ಡವರು ಯಾರೂ ಅದರ ಹೆಸರು ಹೇಳಿ ಬೆದರಿಸದಂತೆ ನೋಡಿಕೊಳ್ಳಿ.

ಅಂಜನಾದ್ರಿ ಕಡೆಯ ಒಬ್ಬ ಅಕ್ಕೋರು ಕೇಳಿದರು: "ಹನುಮಪ್ಪ ಇದ್ದಾಗ ಡೈನೋಸಾರ್ ಇತ್ತೇನ್ರಿ ಅಂತ ಹುಡುಗ್ರು ಕೇಳತಾವು, ಏನು ಹೇಳಬೇಕ್ರಿ?" ಗದರಿಸಬೇಡಿ, ನಗಬೇಡಿ. ಡೈನೋಸಾರ್ ವಿಷಯವನ್ನು ನಾವು ಎಲುಬಿನಿಂದ ತಿಳಿದುಕೊಳ್ಳುತ್ತೇವೆ, ಹನುಮಪ್ಪನ ವಿಷಯವನ್ನು ಹಿರಿಯರಿಂದ, ಪುರಾಣದಿಂದ ಕೇಳಿಕೊಂಡು ಬಂದಿದ್ದೇವೆ ಅಂತ ಹೇಳಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ರೈತರು ಹೊಲ, ದನ ಕಾಯುವ ಭೈರವ ಎಂದು ಪೂಜಿಸುತ್ತಿದ್ದ ಉರುಟು ಕಲ್ಲುಗಳು ಡೈನೋಸಾರ್ ಮೊಟ್ಟೆಗಳು ಎಂದು 2023ರಲ್ಲಿ ಸುದ್ದಿಯಾಗಿತ್ತು. ತಲೆಮಾರುಗಳಿಂದ ಜೋಪಾನ ಮಾಡಿದ್ದರಿಂದಲೇ ಅವು ಉಳಿದವು. ಮಗುವಿನ ಎದುರು ನಂಬಿಕೆಗೂ ವಿಜ್ಞಾನಕ್ಕೂ ಜಗಳ ಹಚ್ಚಬೇಕಾಗಿಲ್ಲ. ಆದರೆ ಮನುಷ್ಯರು ಆಗ ಇರಲಿಲ್ಲ ಅನ್ನುವುದನ್ನು ಮಾತ್ರ ಸ್ಪಷ್ಟವಾಗಿ ಹೇಳಿ.

ರಾಯಚೂರಿನಿಂದ ಬಂದಿದ್ದ ಶಿಕ್ಷಕರ ಪ್ರಶ್ನೆ: ನಿಜವಾದ ಅಸ್ಥಿಪಂಜರ ಎಲ್ಲಿ ತೋರಿಸಬಹುದು? ರೈಯೋಲಿಯಲ್ಲಿ 2019ರಲ್ಲಿ ಮ್ಯೂಸಿಯಂ ಆಗಿದೆ, ಆದರೆ ನಮಗೆ ದೂರ. ಹೈದರಾಬಾದಿನ ಬಿರ್ಲಾ ವಿಜ್ಞಾನ ಮ್ಯೂಸಿಯಂ ನಿಮಗೆ ಹತ್ತಿರ, ರಾಯಚೂರಿನಿಂದ ರೈಲಿದೆ. ಅಲ್ಲಿ ಕೋಟಾಸಾರಸ್ ಇದೆ. ತೆಲಂಗಾಣದ ಯಾಮನಪಲ್ಲಿ ಬಳಿ ಸಿಕ್ಕಿದ ಹಲವು ಪ್ರಾಣಿಗಳ ಎಲುಬುಗಳನ್ನು ಕೂಡಿಸಿ ನಿಲ್ಲಿಸಿದ್ದು. ಅದು ಬೇಟೆಗಾರನಲ್ಲ, ಗಿಡ ತಿನ್ನುವುದು, ಕಾಲವೂ ಬೇರೆ, ಸುಮಾರು 18 ಕೋಟಿ ವರ್ಷ ಹಿಂದಿನದು. ಹೋಗುವ ಮೊದಲು ಹಗ್ಗದಲ್ಲಿ ಅದರ ಗಂಟನ್ನೂ ಹಾಕಿಸಿ, 1.8 ಮೀಟರ್‌ನಲ್ಲಿ. ರಾಜಸಾರಸ್‌ಗೆ ಕೋಟಾಸಾರಸ್‌ಗಿಂತ ನಾವೇ ಹತ್ತಿರ ಅಂತ ಮಕ್ಕಳೇ ಅಳೆದು ಕಂಡುಕೊಳ್ಳುತ್ತಾರೆ.

ಕೊನೆಗೆ ಒಬ್ಬರು, ಆಟಿಕೆ ಕೊಡಿಸಬಾರದಾ ಅಂದರು. ಕೊಡಿಸಿ. ಆದರೆ ಜಾತ್ರೆಯ ಪ್ಲಾಸ್ಟಿಕ್‌ಗೆ ಮಾತ್ರ ಯಾಕೆ ನಿಲ್ಲಬೇಕು? ನಮ್ಮ ಪಕ್ಕದಲ್ಲೇ ಕಿನ್ನಾಳ ಇದೆ. ಹಗುರ ಮರದಲ್ಲಿ ಗರುಡ, ಆನೆ, ಗೊಂಬೆ ಮಾಡಿ ಬಣ್ಣ ಹಚ್ಚುವ ಚಿತ್ರಗಾರರಿದ್ದಾರೆ. ಬೆನ್ನು ನೆಲಕ್ಕೆ ಸಮವಾಗಿ, ಬಾಲ ಮೇಲೆತ್ತಿ, ಹಣೆಯ ಮೇಲೆ ಗಿಡ್ಡ ಕೋಡಿರುವ ಒಂದು ರಾಜಸಾರಸ್ಸನ್ನು ಅವರ ಕೈಯಲ್ಲಿ ಮಾಡಿಸುವ ಆಸೆ ನನಗಿದೆ. ಶಾಲೆಗಳು ಸೇರಿ ಕೇಳಿದರೆ ಆದೀತು. ಯಾವ ಬಣ್ಣ ಅಂತ ಅವರು ಕೇಳಿದರೆ, ಮಕ್ಕಳು ಬರೆದ ಚಿತ್ರಗಳನ್ನೇ ತೆಗೆದುಕೊಂಡು ಹೋಗೋಣ.